ಎಸಿ ಹಾಕಿದ ಕೂಡಲೇ ಕಾರು ನಡುಗುತ್ತದೆಯೇ? ಭಾರ ಹೆಚ್ಚಾಯಿತೋ, ಎತ್ತು ಸೊರಗಿತೋ ಕಂಡುಕೊಳ್ಳುವ ಬಗೆ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ತಿಪಟೂರಿನಿಂದ ಬೆಂಗಳೂರಿಗೆ ಬರುತ್ತಿದ್ದೆವು. ನೆಲಮಂಗಲದ ಟೋಲ್ ಹತ್ತಿರ ಉದ್ದ ಸಾಲು. ಮಧ್ಯಾಹ್ನ ಎರಡು ಗಂಟೆ. ಓಡುವಾಗ ತಣ್ಣಗಿದ್ದ ಎಸಿ, ಕಾರು ನಿಂತ ಐದೇ ನಿಮಿಷಕ್ಕೆ ಬಿಸಿ ಗಾಳಿ ಬಿಡತೊಡಗಿತು. ಸ್ಟೀರಿಂಗ್ ನಡುಗಿತು. ಡ್ಯಾಶ್‌ಬೋರ್ಡ್ ಗಡಗಡ ಎಂದಿತು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ತೋರಿಸುವ ಮುಳ್ಳು ಜಾರಿ ಎಂಜಿನ್ ಬಂದ್ ಆಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು, ಅವರ ತೊಡೆ ಮೇಲೆ ಮಗಳು ಮಲಗಿದ್ದಳು. ಹಿಂದೆ ಲಾರಿಗಳ ಹಾರ್ನ್.

ಮರುದಿನ ಒಂದು ಎಸಿ ಅಂಗಡಿಗೆ ಹೋದೆ. "ಗ್ಯಾಸ್ ಕಮ್ಮಿ ಆಗಿದೆ ಸಾರ್" ಎಂದರು. ತುಂಬಿಸಿದರು. ಎರಡು ಸಾವಿರದ ಹತ್ತಿರ ಕೊಟ್ಟು ಬಂದೆ. ನಡುಕ ಇನ್ನೂ ಜಾಸ್ತಿಯಾಯಿತು. ಮುಂದಿನ ವಾರ ಊರಿಗೆ ಹೋದಾಗ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಗಾಡಿ ನಿಲ್ಲಿಸಿದೆ. ಅವರು ಬಾನೆಟ್ ಎತ್ತಿ, ಸ್ಪ್ಯಾನರ್ ಕೂಡ ಮುಟ್ಟದೆ ಕೇಳಿದರು: "ಫ್ಯಾನ್ ತಿರುಗ್ತಾ ಇದೆಯಾ ಅಂತ ಯಾರಾದ್ರೂ ನೋಡಿದ್ರಾ?" ತಿರುಗುತ್ತಿರಲಿಲ್ಲ. ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅವರು ಅಂದು ಹೇಳಿದ ಮಾತನ್ನೇ ಈ ಲೇಖನಕ್ಕೆ ಆಧಾರ ಮಾಡಿಕೊಂಡಿದ್ದೇನೆ. "ಗಾಡಿ ಏದುಸಿರು ಬಿಟ್ಟರೆ ಎರಡೇ ಕಾರಣ. ಭಾರ ಜಾಸ್ತಿ ಆಗಿರಬೇಕು, ಇಲ್ಲ ಎತ್ತು ಸೊರಗಿರಬೇಕು. ಯಾವುದು ಅಂತ ಗೊತ್ತಾಗೋ ತನಕ ಕೈ ಹಾಕಬಾರದು." ಇಲ್ಲಿ ಎತ್ತು ಎಂದರೆ ಎಂಜಿನ್, ಭಾರ ಎಂದರೆ ಅದು ಎಳೆಯಬೇಕಾದ ಎಸಿ.

ಹೆಚ್ಚಿನ ಪರೀಕ್ಷೆಗಳನ್ನು ನೀವೇ ಮನೆ ಮುಂದೆ ಮಾಡಬಹುದು. ಉಪಕರಣ ಬೇಕಿಲ್ಲ. ಒಂದು ಅರ್ಧ ಗಂಟೆ ಸಮಯ, ಒಂದು ನೋಟ್‌ಬುಕ್ ಇದ್ದರೆ ಸಾಕು. ನಾನು ಮುಖ್ಯವಾಗಿ ಮಾತಾಡುವುದು ನಮ್ಮಲ್ಲಿ ಹೆಚ್ಚಾಗಿರುವ ಸಣ್ಣ ಪೆಟ್ರೋಲ್ ಕಾರುಗಳ ಬಗ್ಗೆ. ಉಳಿದವುಗಳ ಬಗ್ಗೆ ಕೊನೆಗೆ ಸ್ವಲ್ಪ ಇದೆ.

ಎಂಜಿನ್ ಹೆಗಲಿಗೆ ಬೀಳುವ ಪಂಪ್‌ಸೆಟ್

ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಎಸಿಯ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಕರೆಂಟಿನಿಂದ ಓಡುವುದಿಲ್ಲ. ಅದನ್ನು ಎಂಜಿನ್ನೇ ಬೆಲ್ಟ್ ಹಾಕಿಕೊಂಡು ತಿರುಗಿಸುತ್ತದೆ. ಬಿಸಿಲು ಜೋರಾಗಿದ್ದಾಗ ಅದು ಸುಮಾರು ಎರಡು ಕಿಲೋವ್ಯಾಟ್ ಶಕ್ತಿ ಎಳೆಯುತ್ತದೆ. ತೋಟದ ಬಾವಿಗೆ ಇಟ್ಟ 3 ಎಚ್‌ಪಿ ಪಂಪ್‌ಸೆಟ್ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು. ಹೈವೇಯಲ್ಲಿ ಓಡುತ್ತಿರುವ ಎಂಜಿನ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಸಿಗ್ನಲ್‌ನಲ್ಲಿ 750 ಆರ್‌ಪಿಎಂಗೆ ಇಳಿದು ನಿಂತ ಒಂದು ಲೀಟರ್ ಎಂಜಿನ್, ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟೇ ಪೆಟ್ರೋಲ್ ಸುಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಹೆಗಲಿಗೆ ಪಂಪ್‌ಸೆಟ್ ಕಟ್ಟಿದರೆ ಹೇಗಿರಬೇಡ?

ಅದಕ್ಕೇ ನೀವು ಎಸಿ ಸ್ವಿಚ್ ಒತ್ತಿದರೂ ಕಂಪ್ರೆಸರ್ ತಕ್ಷಣ ಹಿಡಿಯುವುದಿಲ್ಲ. ಸುದ್ದಿ ಮೊದಲು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ಹೋಗುತ್ತದೆ. ಅದು ಗಾಳಿಯ ದಾರಿಯನ್ನು ಚೂರು ತೆರೆಯುತ್ತದೆ, ಪೆಟ್ರೋಲ್ ಹೆಚ್ಚಿಸುತ್ತದೆ, ಆಮೇಲೆ ಕಂಪ್ರೆಸರ್ ಕ್ಲಚ್ಚಿಗೆ ಕರೆಂಟ್ ಬಿಡುತ್ತದೆ. 'ಟಕ್' ಎಂದು ಕೇಳುವುದು ಆ ಕ್ಲಚ್ ಹಿಡಿದ ಸದ್ದು. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿರುತ್ತದೆ. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ವ್ಯಾಕ್ಯೂಮ್‌ನಿಂದ ಎಳೆಯುವ ಒಂದು ಪುಟ್ಟ ಡಯಾಫ್ರಾಮ್ ಇದೇ ಕೆಲಸ ಮಾಡುತ್ತಿತ್ತು.

ಹಾಗಾದರೆ ಯಾವುದು ಸರಿ, ಯಾವುದು ದೋಷ? ಬಿಸಿಯಾದ ಎಂಜಿನ್, ಎಸಿ ಆಫ್: ಹೆಚ್ಚಿನ ಸಣ್ಣ ಕಾರುಗಳಲ್ಲಿ 700ರಿಂದ 850 ಆರ್‌ಪಿಎಂ. ಎಸಿ ಆನ್: 850ರಿಂದ 1000. ಕ್ಲಚ್ ಹಿಡಿದ ಗಳಿಗೆಯಲ್ಲಿ ಮುಳ್ಳು 50ರಿಂದ 100ರಷ್ಟು ಇಳಿದು, ಒಂದೆರಡು ಸೆಕೆಂಡಿನಲ್ಲಿ ಮೇಲೆ ಬಂದು ನಿಂತರೆ ಅದು ಆರೋಗ್ಯವೇ. ಸಣ್ಣದೊಂದು ಜುಮ್ ಎನ್ನುವ ನಡುಕವೂ ಸಹಜ. ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಇದು ನಾಲ್ಕು ಸಿಲಿಂಡರಿಗಿಂತ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ನಾಲ್ಕು ಸಿಲಿಂಡರ್ ಕಾರು ಮಾರಿ ಮೂರು ಸಿಲಿಂಡರಿನದು ತಂದವರು ಮೊದಲ ವಾರವೇ ಗಾಬರಿಯಾಗುವುದನ್ನು ನೋಡಿದ್ದೇನೆ. ಹೊಸ ಕಾರು ಹಾಗೇ ಇರುತ್ತದೆಯೇ ಎಂದು ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಕೂತು ಹೋಲಿಸಿ ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ.

ಇನ್ನೂ ಕೆಲವು ಸಹಜ ಸಂಗತಿಗಳು. ಎಸಿ ಅಥವಾ ಎಂಜಿನ್ ಆಫ್ ಮಾಡಿದ ಮೇಲೆ ಡ್ಯಾಶ್‌ಬೋರ್ಡ್ ಒಳಗೆ 'ಸ್ಸ್' ಎಂದರೆ, ಅದು ಗ್ಯಾಸಿನ ಒತ್ತಡ ಎರಡು ಕಡೆ ಸಮವಾಗುವ ಸದ್ದು. ಕಾರಿನ ಕೆಳಗೆ ತೊಟ್ಟಿಕ್ಕುವ ತಿಳಿ ನೀರು ಕೂಲಿಂಗ್ ಕಾಯಿಲ್ ಮೇಲೆ ಕೂತ ಗಾಳಿಯ ತೇವ. ಮಂಗಳೂರು, ಉಡುಪಿ ಕಡೆ ಇದು ಧಾರಾಳವಾಗಿ ಸುರಿಯುತ್ತದೆ. ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಕೆಲವು ಸೆಕೆಂಡು ಎಸಿ ತಾನಾಗಿಯೇ ಬಿಟ್ಟುಹೋಗುವುದೂ ಇಸಿಯುವಿನ ಜಾಣತನವೇ.

ಕಾರು ಓಡುವ ಊರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಒಳಗೆ ಬೇಗ ತಂಪಾಗುವುದರಿಂದ ಕಂಪ್ರೆಸರ್ ಪದೇ ಪದೇ ಬಿಟ್ಟು ಹಿಡಿಯುತ್ತದೆ. ಪ್ರತಿ ಸಲವೂ ಜುಮ್ ಎನ್ನುತ್ತದೆ, ಹಾಗಾಗಿ ನಡುಕ ಹೆಚ್ಚು ಗಮನಕ್ಕೆ ಬರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟಿದಾಗ ಕಂಪ್ರೆಸರ್ ಬಿಡುವುದೇ ಅಪರೂಪ. ಅಲ್ಲಿ ನಡುಕ ಕಡಿಮೆ ಕಾಣಿಸಿದರೂ ಭಾರ ಮಾತ್ರ ಜಾಸ್ತಿ.

ಮೊದಲ ಹೆಜ್ಜೆ: ಗಾಡಿ ನಿಲ್ಲಿಸಿ, ನೋಡಿ, ಬರೆದುಕೊಳ್ಳಿ

ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ, ತಲೆ ಸುತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಆಟೊಮ್ಯಾಟಿಕ್ ಆದರೆ ಪಾರ್ಕ್ ಇದ್ದರೆ ಪಾರ್ಕ್‌ನಲ್ಲಿ, ಇಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ. ಬಾನೆಟ್ ಎತ್ತುವ ಮೊದಲು ದುಪಟ್ಟಾ, ಸೆರಗು, ಜಡೆ, ಕೊರಳ ಸರ ಎಲ್ಲ ಒಳಕ್ಕೆ ಸೇರಿಸಿಕೊಳ್ಳಿ. ರೇಡಿಯೇಟರ್ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು. ಮಕ್ಕಳನ್ನು ದೂರ ಇಡಿ.

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಹತ್ತು ಕಿಲೋಮೀಟರ್ ಓಡಿಸಿ ಬಂದಿದ್ದರೆ ಒಳ್ಳೆಯದು. ಬೆಳಗ್ಗೆ ತಣ್ಣಗಿನ ಎಂಜಿನ್ 1200-1500ರಲ್ಲಿ ಓಡುತ್ತದೆ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಈಗ ಎಸಿ, ಬ್ಲೋವರ್, ಲೈಟು ಎಲ್ಲ ಆಫ್ ಮಾಡಿ ಆರ್‌ಪಿಎಂ ಬರೆದುಕೊಳ್ಳಿ. ಎಸಿ ಹಾಕಿ, ಬ್ಲೋವರ್ ಎರಡರಲ್ಲಿಡಿ. ಮುಳ್ಳು ಎಷ್ಟು ಇಳಿಯಿತು, ಎಷ್ಟು ಹೊತ್ತಿಗೆ ಮೇಲೆ ಬಂತು, ಎಲ್ಲಿ ನಿಂತಿತು, ಮೂರೂ ಬರೆಯಿರಿ. ಹತ್ತು ನಿಮಿಷ ಹಾಗೇ ಬಿಡಿ. 'ಟಕ್' ಸದ್ದು ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂದು ಎಣಿಸಿ. ಹೊಸ ಕಾರುಗಳು ಕೆಲವದರಲ್ಲಿ ಕಂಪ್ರೆಸರ್ ಬಿಟ್ಟು ಹಿಡಿಯದೆ ಒಳಗೊಳಗೇ ತನ್ನ ಕೆಲಸವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಅಂಥದರಲ್ಲಿ ಟಕ್ ಕೇಳುವುದಿಲ್ಲ, ಅದು ದೋಷವಲ್ಲ. ನಿಮ್ಮ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಕಿವಿ, ಕೈ ಸಾಕು. ಡ್ಯಾಶ್‌ಬೋರ್ಡ್ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಇಟ್ಟು, ನೀರು ಅಲುಗಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ರಿಪೇರಿ ಆದ ಮೇಲೆ ಹೋಲಿಸಲು ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೇ ಹೆಜ್ಜೆ: ಭಾರವೋ, ಎತ್ತೋ?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಇದನ್ನು ಬಿಟ್ಟು ಮುಂದೆ ಹೋದರೆ ನನ್ನ ಹಾಗೆ ದುಡ್ಡು ಕಳೆದುಕೊಳ್ಳುತ್ತೀರಿ.

ಮೊದಲನೇ ಪರೀಕ್ಷೆ. ಎಸಿ ಆಫ್ ಮಾಡಿ. ಅದರ ಬದಲು ಬೇರೆ ಭಾರ ಕೊಡಿ. ಹೆಡ್‌ಲೈಟ್, ಬ್ಲೋವರ್ ಪೂರ್ತಿ, ಹಿಂದಿನ ಗಾಜಿನ ಡಿಫಾಗರ್ ಇದ್ದರೆ ಅದೂ ಹಾಕಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಇವೆಲ್ಲ ಹೆಚ್ಚಾಗಿ ಆಲ್ಟರ್ನೇಟರ್, ಅಂದರೆ ಎಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಯಂತ್ರದ ಮೂಲಕ ಎಂಜಿನ್ನಿನ ಮೇಲೇ ಬೀಳುವ ಭಾರ. ಆಗಲೂ ಎಂಜಿನ್ ತೂಗಾಡಿದರೆ ಸೊರಗಿರುವುದು ಎತ್ತು. ಎಸಿಗೆ ಮಾತ್ರ ನಡುಗಿ, ಉಳಿದದ್ದಕ್ಕೆ ಗಟ್ಟಿಯಾಗಿ ನಿಂತರೆ ಎಸಿ ಕಡೆಯೇ ಭಾರ ಹೆಚ್ಚಾಗಿರುವ ಅನುಮಾನ ಬಲವಾಗುತ್ತದೆ.

ಎರಡನೆಯದು ಹೊತ್ತಿನ ಪರೀಕ್ಷೆ. ಬೆಳಗ್ಗೆ ಏಳಕ್ಕೆ ಎಸಿ ಹಾಕಿಕೊಂಡು ನಿಂತರೆ ಸರಿ ಇದೆ, ಮಧ್ಯಾಹ್ನ ಎರಡಕ್ಕೆ ನಡುಗುತ್ತದೆ, ಜೊತೆಗೆ ನಿಂತಾಗ ತಂಪು ಕಡಿಮೆ, ಓಡಿದಾಗ ಸರಿ ಎಂದರೆ ಅದು ಹೆಚ್ಚಿನ ಸಲ ಫ್ಯಾನ್ ಅಥವಾ ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಭಾಗ). ಬೆಳಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಒಂದೇ ಥರ ನಡುಗಿದರೆ ಎಂಜಿನ್ ಕಡೆ ನೋಡಿ.

ಮೂರನೆಯದು ನೀರಿನ ಪರೀಕ್ಷೆ. ಮಧ್ಯಾಹ್ನ ನಡುಗುತ್ತಿರುವಾಗಲೇ, ಕಾರಿನ ಮುಂದಿನ ಜಾಲರಿಯ ಹಿಂದೆ ಕಾಣುವ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಿಂದ ಅಥವಾ ಮಗ್ಗಿನಿಂದ ನಿಧಾನವಾಗಿ ನೀರು ಹಾಕಿ. ಎಂಜಿನ್ ಮೇಲೆ ಬೇಡ, ಮುಂದಿನಿಂದ ಕಂಡೆನ್ಸರಿಗೆ ಮಾತ್ರ. ಒಂದು ನಿಮಿಷದೊಳಗೆ ಎಂಜಿನ್ ಹಗುರವಾಗಿ, ಒಳಗೆ ಗಾಳಿಯೂ ತಂಪಾದರೆ ಉತ್ತರ ಸಿಕ್ಕಿತು. ಗ್ಯಾಸಿನ ಒತ್ತಡ ಮಿತಿಮೀರಿ ಏರಿತ್ತು, ನೀರು ಬಿದ್ದು ಇಳಿಯಿತು. ನಮ್ಮ ಮೆಕ್ಯಾನಿಕ್ ನನಗೆ ತೋರಿಸಿದ್ದು ಇದನ್ನೇ. ನನ್ನ ಕಣ್ಣೆದುರೇ ಮುಳ್ಳು ನೆಟ್ಟಗೆ ನಿಂತಿತು.

ಭಾರ ಹೆಚ್ಚಾಗಿದ್ದರೆ

ಮೊದಲು ಫ್ಯಾನ್. ಎಸಿ ಹಾಕಿದ ಮೇಲೆ ರೇಡಿಯೇಟರ್ ಹಿಂದಿನ ಅಥವಾ ಕಂಡೆನ್ಸರ್ ಮುಂದಿನ ಫ್ಯಾನ್ ತಿರುಗಬೇಕು. ಕೆಲವು ಕಾರಲ್ಲಿ ತಕ್ಷಣ, ಕೆಲವದರಲ್ಲಿ ಒತ್ತಡ ಸ್ವಲ್ಪ ಏರಿದ ಮೇಲೆ. ಬಿಸಿಲಲ್ಲಿ ಎಸಿ ಹಾಕಿ ಎರಡು ಮೂರು ನಿಮಿಷ ಆದರೂ ಫ್ಯಾನ್ ಅಲುಗಾಡದಿದ್ದರೆ ತೊಂದರೆ ಇದೆ. ಎರಡು ಫ್ಯಾನ್ ಇರುವ ಕಾರಿನಲ್ಲಿ ಎರಡನ್ನೂ ನೋಡಿ. ಒಂದು ತಿರುಗುತ್ತಿದೆ ಎಂದು ಸುಮ್ಮನಾಗಬೇಡಿ. ಫ್ಯಾನ್ ತಿರುಗಿದರೂ ಸೋಮಾರಿಯಾಗಿ ತಿರುಗುತ್ತಿದ್ದರೆ ಮೋಟಾರಿನ ಬ್ರಷ್ ಸವೆದಿರಬಹುದು. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗುವುದರಿಂದ ಫ್ಯಾನ್ ಸತ್ತಿದ್ದೂ ಗೊತ್ತಾಗುವುದಿಲ್ಲ. ನಿಂತಾಗಲೇ ಗುಟ್ಟು ಹೊರಬೀಳುವುದು. ನೆಲಮಂಗಲದಲ್ಲಿ ನಮಗೆ ಆದದ್ದು ಅದೇ.

ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚು, ನೋಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ಎಂಜಿನ್ ಆಫ್ ಮಾಡಿ, ಅದೇ ನಂಬರಿನ ಬೇರೆ ರಿಲೇ, ಹಾರ್ನಿನದು ಇದ್ದರೆ ಅದು, ತೆಗೆದು ಫ್ಯಾನ್ ಜಾಗಕ್ಕೆ ಹಾಕಿ ನೋಡಬಹುದು. ನನ್ನ ಕಾರಿನಲ್ಲಿ ಹೋಗಿದ್ದು ರಿಲೇ. ಬೆಲೆ ಕೇಳಿ ಹೊಟ್ಟೆ ಉರಿಯಿತು, ಗ್ಯಾಸಿಗೆ ಕೊಟ್ಟಿದ್ದರ ಹತ್ತರಲ್ಲಿ ಒಂದು ಪಾಲು ಕೂಡ ಇರಲಿಲ್ಲ. ಫ್ಯಾನ್ ಸರಿಯಾಗುವವರೆಗೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಬೇಡಿ. ಎಂಜಿನ್ ತಂಪಾಗಲು ಬೇಕಾದದ್ದೂ ಅದೇ ಫ್ಯಾನ್ ಆದ್ದರಿಂದ ಟೆಂಪರೇಚರ್ ಮೇಲೆ ಕಣ್ಣಿಡಿ. ಏರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ನೋಡಿ. ಹುಳು, ಎಲೆ, ಕೆಮ್ಮಣ್ಣಿನ ಧೂಳು ಸೇರಿ ರೆಕ್ಕೆಗಳ ಸಂದು ಮುಚ್ಚಿರುತ್ತದೆ. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಂತೂ ಇದು ಪ್ರತಿ ವರ್ಷದ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಸಾಧಾರಣ ಪೈಪಿನ ನೀರಿನಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇಡ, ಅಷ್ಟು ತೆಳುವಾದ ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಇನ್ನು ಗ್ಯಾಸ್. ಇದನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತಿರುತ್ತದೆ. ವರ್ಷಾವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ನಮ್ಮ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಗ್ಯಾಸ್. ಎಷ್ಟು ಗ್ರಾಂ ಬೇಕೆಂದು ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಸಣ್ಣ ಕಾರಿಗೆ ಅದು ಸಾಮಾನ್ಯವಾಗಿ ಅರ್ಧ ಕೆಜಿಯೊಳಗೆ. ಇರುವುದನ್ನು ಪೂರ್ತಿ ತೆಗೆದು, ವ್ಯಾಕ್ಯೂಮ್ ಹಿಡಿದು, ತೂಕ ಮಾಡಿ ತುಂಬುವವರ ಹತ್ತಿರ ಹೋಗಿ. ಅಂದಾಜಿನ ಮೇಲೆ ಹೆಚ್ಚು ಹಾಕಿದರೆ ಒತ್ತಡ ಏರಿ, ಕಂಪ್ರೆಸರ್ ತಿರುಗಿಸುವುದೇ ಎಂಜಿನ್‌ಗೆ ಕಷ್ಟವಾಗುತ್ತದೆ. ನನ್ನ ಕಾರಿನಲ್ಲಿ ಫ್ಯಾನ್ ಸರಿಯಾದ ಮೇಲೂ ಅರ್ಧ ನಡುಕ ಉಳಿದಿತ್ತು. ಹೆಚ್ಚಾಗಿದ್ದ ಗ್ಯಾಸ್ ತೆಗೆಸಿದ ಮೇಲೆ ಅದೂ ಹೋಯಿತು.

ಗ್ಯಾಸಿನ ಒತ್ತಡ ಅಳೆಯುವ ಮೀಟರ್ ಹಾಕಿದಾಗ ಪಕ್ಕದಲ್ಲೇ ನಿಂತು ನೋಡಿ. 35 ಡಿಗ್ರಿ ಆಸುಪಾಸಿನ ದಿನ, ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ), ಕಡಿಮೆ ಒತ್ತಡದ ನೀಲಿ ಕಡೆ ಸುಮಾರು 30-45 ಪಿಎಸ್‌ಐ, ಹೆಚ್ಚು ಒತ್ತಡದ ಕೆಂಪು ಕಡೆ ಸುಮಾರು 200-250 ಇದ್ದರೆ ಚಿಂತೆಯಿಲ್ಲ. ಕೆಂಪು ಮುಳ್ಳು 300 ದಾಟಿ ಏರುತ್ತಲೇ ಇದ್ದರೆ ಫ್ಯಾನ್, ಕಂಡೆನ್ಸರ್ ಅಥವಾ ಹೆಚ್ಚಾದ ಗ್ಯಾಸ್. ಗ್ಯಾಸ್ ಕಡಿಮೆಯಾಗಿದ್ದರೆ ಲಕ್ಷಣ ಬೇರೆ. ತಂಪು ಇರುವುದಿಲ್ಲ, ಕಂಪ್ರೆಸರ್ ಮೂರು ನಾಲ್ಕು ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಬಿಟ್ಟು ಹಿಡಿಯುತ್ತದೆ, ಎಂಜಿನ್ನೂ ಅದೇ ತಾಳಕ್ಕೆ ಏರಿ ಇಳಿಯುತ್ತದೆ.

ಬೆಲ್ಟ್ 'ಕೀಂ' ಎಂದರೆ ಸಡಿಲವಾಗಿದೆ ಅಥವಾ ಬಿರುಕು ಬಿಟ್ಟಿದೆ. ಎಸಿ ಆಫ್ ಇದ್ದಾಗಲೂ ಕಂಪ್ರೆಸರ್ ಕಡೆ ಗರಗರ ಸದ್ದಿದ್ದರೆ ಅದರ ಪುಲ್ಲಿ ಬೇರಿಂಗ್ ಇರಬಹುದು. ಎಸಿ ಹಾಕಿದಾಗ ಮಾತ್ರ ಗರಗರ ಎಂದರೆ ಕಂಪ್ರೆಸರ್ ಒಳಗೇ ಸವೆದಿರುವ ಭಯವಿದೆ. ಇದನ್ನು ಮುಂದೂಡಬೇಡಿ. ಒಳಗೆ ಜಿಗುಟಾಗಿ ಹಿಡಿದುಕೊಂಡರೆ ಬೆಲ್ಟೂ ಹೋಗುತ್ತದೆ, ಅದೇ ಬೆಲ್ಟಿನಿಂದ ಓಡುವ ಆಲ್ಟರ್ನೇಟರೂ ನಿಲ್ಲುತ್ತದೆ.

ಎತ್ತು ಸೊರಗಿದ್ದರೆ

ಪೆಟ್ರೋಲ್ ಕಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಥ್ರಾಟಲ್ ಬಾಡಿಯನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು. ಐಡ್ಲಿಂಗ್‌ನಲ್ಲಿ ಎಂಜಿನ್ ಉಸಿರಾಡುವುದು ಥ್ರಾಟಲ್ ತಟ್ಟೆಯ ಅಂಚಿನ ಕೂದಲೆಳೆಯಂಥ ಸಂದಿನಲ್ಲಿ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಎಣ್ಣೆ ಆವಿಗೆ ಧೂಳು ಸೇರಿ, ಆ ಅಂಚಿನಲ್ಲಿ ಒಲೆ ಮೇಲಿನ ಹಳೇ ಬಾಣಲೆ ತಳದಂತೆ ಕಪ್ಪು ಜಿಡ್ಡು ಕಟ್ಟುತ್ತದೆ. ಇಸಿಯು ಅದನ್ನು ಸಹಿಸಿಕೊಂಡು ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆಯುತ್ತಾ ಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಎಸಿ ಹಾಕಿಕೊಂಡು ಸಿಗ್ನಲ್ ಹತ್ತಿರ ಬಂದು, ಕ್ಲಚ್ ಒತ್ತಿ ನಿಧಾನ ಮಾಡುತ್ತೀರಿ. ಆರ್‌ಪಿಎಂ ಬಿದ್ದು ಎಂಜಿನ್ ಬಂದ್. ಎಸಿ ಇಲ್ಲದೆ ಹಾಗಾಗುವುದಿಲ್ಲ. ಇದು ಥ್ರಾಟಲ್ ಬಾಡಿಯ ಹೆಚ್ಚುಕಡಿಮೆ ಸಹಿ ಹಾಕಿದ ಲಕ್ಷಣ.

ಕೈಗೆ ಸ್ವಲ್ಪ ಅಭ್ಯಾಸ ಇದ್ದವರು ತಾವೇ ಶುಚಿ ಮಾಡಬಹುದು. ಎಂಜಿನ್ ತಣ್ಣಗಿರಲಿ. ಕೀ ತೆಗೆದಿಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಏರ್ ಫಿಲ್ಟರಿನಿಂದ ಬರುವ ದಪ್ಪ ಪೈಪನ್ನು ಬಿಚ್ಚಿದರೆ ತಟ್ಟೆ ಕಾಣುತ್ತದೆ. ಥ್ರಾಟಲ್ ಬಾಡಿಗೆಂದೇ ಸಿಗುವ ಸ್ಪ್ರೇಯನ್ನು ಮೆತ್ತನೆಯ ಬಟ್ಟೆಗೆ ಹಾಕಿಕೊಂಡು ಅಂಚು, ಗೋಡೆ ಒರೆಸಿ. ನೇರವಾಗಿ ಒಳಗೆ ಸುರಿಯಬೇಡಿ. ಸ್ಕ್ರೂ ಡ್ರೈವರಿನಿಂದ ಕೆರೆಯಬೇಡಿ, ಕೆಲವು ಥ್ರಾಟಲ್‌ಗಳಲ್ಲಿ ತೆಳುವಾದ ಲೇಪ ಇರುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ಜೋರಾಗಿ ತಳ್ಳಬಾರದು, ಒಳಗಿನ ಸಣ್ಣ ಗೇರುಗಳು ಹಾಳಾಗುತ್ತವೆ. ಕೇಬಲ್ ಥ್ರಾಟಲ್ ಇರುವ ಹಳೆಯ ಕಾರುಗಳಲ್ಲಿ ಪಕ್ಕದಲ್ಲಿ ಐಡಲ್ ವಾಲ್ವ್ ಬೇರೆ ಇರುತ್ತದೆ. ಅದರ ತೂತೂ ಕಟ್ಟಿಕೊಳ್ಳುತ್ತದೆ, ಅದನ್ನೂ ನೋಡಿ.

ಶುಚಿ ಮಾಡಿದ ಮೇಲೆ ಆರ್‌ಪಿಎಂ 1200ಕ್ಕೆ ಏರಿ ನಿಂತರೆ ಗಾಬರಿ ಬೇಡ. ಇಸಿಯು ಇನ್ನೂ ಜಿಡ್ಡಿನ ಲೆಕ್ಕದಲ್ಲೇ ಇದೆ, ಹೊಸ ಲೆಕ್ಕ ಕಲಿಯಬೇಕು. ಹೆಚ್ಚಿನ ಕಾರುಗಳಲ್ಲಿ ಎಲ್ಲ ಆಫ್ ಮಾಡಿ ಎಂಜಿನ್ ಬಿಸಿಯಾಗಿ ಫ್ಯಾನ್ ಒಮ್ಮೆ ತಿರುಗುವವರೆಗೆ ಬಿಟ್ಟು, ಆಮೇಲೆ ಐದು ನಿಮಿಷ ಎಸಿ ಹಾಕಿ ಬಿಟ್ಟು, ಒಂದಿಷ್ಟು ದೂರ ಓಡಿಸಿದರೆ ತಾನಾಗಿ ಸರಿಹೋಗುತ್ತದೆ. ಕೆಲವಕ್ಕೆ ಸ್ಕ್ಯಾನರ್ ಹಾಕಿಯೇ ಕಲಿಸಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಕೆಲವರು ಥ್ರಾಟಲ್‌ನ ಸ್ಟಾಪ್ ಸ್ಕ್ರೂ ತಿರುಗಿಸಿ "ಆರ್‌ಪಿಎಂ ಏರಿಸಿ ಕೊಟ್ಟಿದ್ದೀನಿ" ಎನ್ನುತ್ತಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದು ಸರಿಯಾದ ಕೆಲಸವೇ ಆಗಿತ್ತು. ಇಂಜೆಕ್ಷನ್ ಕಾರಿನಲ್ಲಿ ಆ ಸ್ಕ್ರೂ ಕಾರ್ಖಾನೆಯಲ್ಲಿ ಕೂರಿಸಿದ್ದು. ಅದನ್ನು ಮುಟ್ಟಿದರೆ ಇಸಿಯುವಿನ ಎಲ್ಲ ಲೆಕ್ಕ ತಪ್ಪುತ್ತದೆ. ದಯವಿಟ್ಟು ಒಪ್ಪಬೇಡಿ.

ಥ್ರಾಟಲ್ ಶುಚಿಯಾಗಿದ್ದರೂ ನಡುಕ ಇದ್ದರೆ ಪ್ಲಗ್ ನೋಡಿಸಿ. ಸೈಲೆನ್ಸರ್ ಹತ್ತಿರ ನಿಂತು ಕೇಳಿ. ಸದ್ದು ಒಂದೇ ಸಮ ಬರಬೇಕು. ನಡುವೆ ನಡುವೆ 'ಪುಕ್' ಎಂದು ತಪ್ಪಿದರೆ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ. ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಇರಬಹುದು. ಪ್ಲಗ್ ಬದಲಿಸುವ ಕಿಲೋಮೀಟರ್ ಕಾರಿನ ಪುಸ್ತಕದಲ್ಲಿರುತ್ತದೆ, ಇರಿಡಿಯಂ ಪ್ಲಗ್ಗಿಗೂ ಸಾಧಾರಣ ಪ್ಲಗ್ಗಿಗೂ ಬಹಳ ವ್ಯತ್ಯಾಸ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡುವುದು ಎರಡು ನಿಮಿಷದ ಕೆಲಸ, ಅದನ್ನೂ ಮಾಡಿ.

ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತಿದ್ದರೆ ಆರ್‌ಪಿಎಂ ಒಂದು ಕಡೆ ನಿಲ್ಲದೆ ಜೋಕಾಲಿಯಂತೆ ಏರಿ ಇಳಿಯುತ್ತದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಸಡಿಲವಾದ ಕ್ಲಿಪ್, ಇಲಿ ಕಚ್ಚಿದ ರಬ್ಬರ್. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುವ ಇಲಿಗಳ ಕಾಟ ಕಾರಿದ್ದವರಿಗೆಲ್ಲ ಗೊತ್ತು. ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಪೈಪುಗಳ ಹತ್ತಿರ ಆಡಿಸಿ. ಬೆಲ್ಟ್, ಫ್ಯಾನ್ ಕಡೆ ಒಯ್ಯಬೇಡಿ. 'ಸ್ಸ್' ಎಂಬ ಸದ್ದು ಜೋರಾದ ಕಡೆ ಸೋರಿಕೆ ಇದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಬೆಂಕಿ ಹಿಡಿಯುವ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಸಾಹಸಕ್ಕೆ ಮಾತ್ರ ಹೋಗಬೇಡಿ.

ಬ್ಯಾಟರಿ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟರೆ ಎಂಜಿನ್ ಓಡುವಾಗ 13.5ರಿಂದ 14.5 ವೋಲ್ಟ್ ಇರಬೇಕು. ಎಸಿ, ಲೈಟು ಎಲ್ಲ ಹಾಕಿದಾಗ 13ಕ್ಕಿಂತ ಕೆಳಗೆ ಬಂದರೆ ಆಲ್ಟರ್ನೇಟರ್ ಪರೀಕ್ಷೆ ಮಾಡಿಸಿ.

ಮುಳ್ಳು ನೆಟ್ಟಗೆ, ಕಾರು ಮಾತ್ರ ನಡುಗುತ್ತಿದ್ದರೆ

ಆರ್‌ಪಿಎಂ 900ರಲ್ಲಿ ಅಲುಗಾಡದೆ ನಿಂತಿದೆ, ಸೈಲೆನ್ಸರ್ ಸದ್ದು ಸರಿಯಿದೆ, ಆದರೂ ಸೀಟು ಗಡಗಡ ಎನ್ನುತ್ತದೆ. ಆಗ ಭಾರವೂ ಸರಿ, ಎತ್ತೂ ಸರಿ. ಎಂಜಿನ್ ಕೂತಿರುವ ಮೌಂಟಿಂಗ್ ರಬ್ಬರ್ ಹೋಗಿದೆ. ರಿವರ್ಸ್ ಹಾಕಿ ನಿಧಾನಕ್ಕೆ ಕ್ಲಚ್ ಬಿಟ್ಟಾಗ 'ಧಡ್' ಎಂದರೆ ಇನ್ನೂ ಖಚಿತ. ಬದಲಿಸಿದರೆ ಮುಗಿಯಿತು.

ಸ್ಕ್ಯಾನರ್ ಏನು ಹೇಳುತ್ತದೆ

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಇಸಿಯುವಿನ ಮಾಹಿತಿ ಓದುವ ಕಿಂಡಿ) ಸಿಕ್ಕಿಸುವ ಪುಟ್ಟ ಬ್ಲೂಟೂತ್ ಅಡಾಪ್ಟರ್ ಈಗ ಸುಲಭವಾಗಿ ಸಿಗುತ್ತದೆ. ಮೊಬೈಲಿನಲ್ಲೇ ಆರ್‌ಪಿಎಂ, ಕೂಲಂಟ್ ಬಿಸಿ, ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಬಹುದು. ದೋಷದ ಕೋಡ್ ಇದ್ದರೆ ಅದೂ ಕಾಣುತ್ತದೆ. ಪಿ0506 ಎಂದರೆ ಐಡ್ಲಿಂಗ್ ಇರಬೇಕಾದದ್ದಕ್ಕಿಂತ ಕಡಿಮೆ, ಪಿ0507 ಎಂದರೆ ಹೆಚ್ಚು. ಪಿ0300 ಮಿಸ್ಸಿಂಗ್. ಪಿ0171 ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ, ಅಂದರೆ ಸೋರಿಕೆಯ ಸುಳಿವು. ಲಾಂಗ್ ಟರ್ಮ್ ಟ್ರಿಮ್ ಶೇಕಡಾ 10ರ ಆಚೆಗೆ, ಹೆಚ್ಚೋ ಕಡಿಮೆಯೋ, ನಿಂತುಬಿಟ್ಟಿದ್ದರೆ ಹುಡುಕುವುದು ಒಳ್ಳೆಯದು. ಕೋಡ್ ಬಂದ ಕೂಡಲೇ ಆ ಹೆಸರಿನ ಪಾರ್ಟ್ ಬದಲಿಸಲು ಓಡಬೇಡಿ. ಅದು ಜ್ವರ ಇದೆ ಎನ್ನುತ್ತದೆ, ಕಾಯಿಲೆ ಯಾವುದು ಎನ್ನುವುದಿಲ್ಲ.

ಬೇರೆ ಬಗೆಯ ಗಾಡಿಗಳು

ಸಿಎನ್‌ಜಿ ಕಾರು ನಡುಗಿದರೆ ಮೊದಲು ಪೆಟ್ರೋಲಿಗೆ ಬದಲಿಸಿ ನೋಡಿ. ಪೆಟ್ರೋಲಿನಲ್ಲಿ ಸರಿಯಿದ್ದು ಸಿಎನ್‌ಜಿಯಲ್ಲಿ ಮಾತ್ರ ತೊಂದರೆ ಎಂದರೆ ಕಿಟ್‌ನ ಫಿಲ್ಟರ್, ಇಂಜೆಕ್ಟರ್, ಟ್ಯೂನಿಂಗ್ ಕಡೆ ಹೋಗಿ. ಸವೆದ ಪ್ಲಗ್ಗನ್ನು ಪೆಟ್ರೋಲ್ ಸಹಿಸಿಕೊಳ್ಳುತ್ತದೆ, ಸಿಎನ್‌ಜಿ ಸಹಿಸುವುದಿಲ್ಲ. ಡೀಸೆಲ್ ಎಂಜಿನ್‌ಗೆ ಕಡಿಮೆ ಆರ್‌ಪಿಎಂನಲ್ಲೇ ಬಲ ಹೆಚ್ಚು, ಎಸಿ ಭಾರಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಬಗ್ಗಿದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ವಾಲ್ವ್) ಮಸಿ ನೋಡಿಸಿ. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಆಟೊಮ್ಯಾಟಿಕ್‌ನಲ್ಲಿ ಡಿ ಹಾಕಿ ಬ್ರೇಕ್ ಹಿಡಿದು ನಿಂತರೆ ಎಸಿ ಭಾರದ ಜೊತೆ ಗೇರ್‌ಬಾಕ್ಸ್ ಭಾರವೂ ಸೇರುತ್ತದೆ. ದೊಡ್ಡ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದರೆ ಹಗುರವಾಗುತ್ತದೆ. ಎಎಂಟಿಯಲ್ಲಿ, ಅಂದರೆ ಸಾದಾ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ ಕಾರಿನಲ್ಲಿ, ನಿಂತಾಗ ಕ್ಲಚ್ ತಾನೇ ಬಿಟ್ಟಿರುವುದರಿಂದ ಈ ವ್ಯತ್ಯಾಸ ಕಾಣುವುದಿಲ್ಲ. ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರುಗಳಲ್ಲಿ ಬೆಲ್ಟ್ ಕಂಪ್ರೆಸರ್ ಇದ್ದರೆ ತಂಪೂ ನಿಲ್ಲುತ್ತದೆ. ಒಳಗೆ ಬಿಸಿ ಏರಿದಾಗ ಎಂಜಿನ್ ತಾನೇ ಸ್ಟಾರ್ಟ್ ಆಗುವುದು ದೋಷವಲ್ಲ.

ನಿಲ್ಲಿಸಿದ ಕಾರಿನಲ್ಲಿ ಎಸಿ ಹಾಕಿ ಮಲಗುವವರಿಗೆ

ಮದುವೆ ಛತ್ರದ ಹೊರಗೆ, ಆಸ್ಪತ್ರೆ ಮುಂದೆ, ಹೈವೇ ಡಾಬಾ ಪಕ್ಕ ಗಾಜು ಏರಿಸಿ ಎಸಿ ಹಾಕಿಕೊಂಡು ನಿದ್ದೆ ಮಾಡುವ ಚಾಲಕರನ್ನು ನೋಡಿದಾಗೆಲ್ಲ ನನಗೆ ಭಯವಾಗುತ್ತದೆ. ಸೈಲೆನ್ಸರಿನಲ್ಲಿ ಎಲ್ಲೋ ತೂತಿದ್ದರೆ, ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ವಿಷಗಾಳಿ ಒಳಗೆ ಸೇರಬಹುದು. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ, ನೆರಳಿನಲ್ಲಿ ಮಲಗಿ. ಸೆಕೆ ತಡೆಯದಿದ್ದರೆ ಕಾರಿನಿಂದ ಇಳಿದು ಮರದ ಕೆಳಗೆ ಕೂರಿ. ನಿಮ್ಮ ಮನೆಯ ಡ್ರೈವರಿಗೂ ಇದನ್ನು ಹೇಳಿ. ಅಂದ ಹಾಗೆ ಸಣ್ಣ ಕಾರೂ ಎಸಿ ಹಾಕಿಕೊಂಡು ನಿಂತರೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಪೆಟ್ರೋಲ್ ಕುಡಿಯಬಹುದು.

ಮೆಕ್ಯಾನಿಕ್ ಹತ್ತಿರ ಹೋದಾಗ

"ಎಸಿ ಹಾಕಿದ್ರೆ ವೈಬ್ರೇಷನ್ ಸಾರ್" ಎಂದಷ್ಟೇ ಹೇಳಿದರೆ ಅವರು ತಮಗೆ ತೋಚಿದ ಕಡೆಯಿಂದ ಶುರು ಮಾಡುತ್ತಾರೆ, ಅದು ಅವರ ತಪ್ಪೂ ಅಲ್ಲ. ನೋಟ್‌ಬುಕ್ ತೆಗೆದು ಹೀಗೆ ಹೇಳಿ: "ಬಿಸಿ ಎಂಜಿನ್‌ನಲ್ಲಿ ಎಸಿ ಇಲ್ಲದೆ 780. ಎಸಿ ಹಾಕಿದ್ರೆ 550ಕ್ಕೆ ಬಿದ್ದು ನಾಲ್ಕು ಸೆಕೆಂಡ್ ಆದ್ಮೇಲೆ 850ಕ್ಕೆ ಬರುತ್ತೆ. ಹೆಡ್‌ಲೈಟ್, ಬ್ಲೋವರ್ ಹಾಕಿದ್ರೂ ತೂಗಾಡುತ್ತೆ. ಫ್ಯಾನ್ ತಿರುಗ್ತಾ ಇದೆ. ಬೆಳಗ್ಗೆ, ಮಧ್ಯಾಹ್ನ ಒಂದೇ ಥರ." ಇಷ್ಟು ಕೇಳಿದ ಒಳ್ಳೆಯ ಕೆಲಸಗಾರ ಗ್ಯಾಸ್ ಸಿಲಿಂಡರ್ ಕಡೆ ಹೋಗುವುದೇ ಇಲ್ಲ, ನೇರ ಥ್ರಾಟಲ್ ಬಾಡಿಗೆ ಕೈ ಹಾಕುತ್ತಾನೆ.

ರಿಪೇರಿ ಮುಗಿದ ಮೇಲೆ ಸಂಜೆ ತಂಪಿನಲ್ಲಿ ಗಾಡಿ ನೋಡಿ ಒಪ್ಪಿಕೊಳ್ಳಬೇಡಿ. ಮರುದಿನ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ, ಎಸಿ ಹಾಕಿ, ಅದೇ ನೀರಿನ ಬಾಟಲಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಹದಿನೈದು ನಿಮಿಷ ನೋಡಿ. ಹಳೆಯ ವಿಡಿಯೊ ಪಕ್ಕಕ್ಕಿಟ್ಟು ಹೋಲಿಸಿ. ಬದಲಿಸಿದ ಪಾರ್ಟ್ ಇದ್ದರೆ ಹಳೆಯದನ್ನು ಕೇಳಿ ತೆಗೆದುಕೊಳ್ಳಿ.